"ಅಲ್ಲಿಂದ ಬಂದು ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲ!" – ಹಳ್ಳಿ ಕಡೆಯ ಯೂನಿವರ್ಸಿಟಿಯಲ್ಲಿ ಓದಿದವರೇ, ನೀವು ಕೇಳಿಸಿಕೊಂಡ ಮಾತು ಯಾವುದು?

ಬಿಆರ್‌ಪಿ_ಬಸ್ಸು
ಮೊದಲೇ ಹೇಳಿಬಿಡುತ್ತೇನೆ, ಕೆಲಸ ಸಿಕ್ಕಿದೆ. ಹಾಗಾಗಿ ಇದನ್ನು ಹೊಟ್ಟೆಉರಿಯಿಂದ ಬರೆಯುತ್ತಿಲ್ಲ.

ನಾನು ಶಂಕರಘಟ್ಟದಲ್ಲಿ, ಅಂದರೆ ಕುವೆಂಪು ವಿವಿಯಲ್ಲಿ, ಎಂಎಸ್ಸಿ ಕೆಮಿಸ್ಟ್ರಿ ಮಾಡಿದವಳು. ಹೋದ ತಿಂಗಳು ಬೆಂಗಳೂರಿನ ಒಂದು ಔಷಧ ಕಂಪನಿಯಲ್ಲಿ ಸಂದರ್ಶನ ಇತ್ತು. ಮೂರು ಜನ ಕೂತಿದ್ದರು. ಮೊದಲ ಇಪ್ಪತ್ತು ನಿಮಿಷ ಬರೀ ಕೆಲಸದ ಮಾತು, ಇಂಗ್ಲಿಷಿನಲ್ಲಿ. ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಪ್ರೆಶರ್ ಇದ್ದಕ್ಕಿದ್ದಂತೆ ಏರಿದರೆ ಮೊದಲು ಏನು ನೋಡುತ್ತೀರಿ ಅಂದರು. ಗಾರ್ಡ್ ಕಾಲಮ್ ಬಿಚ್ಚಿ ನೋಡುತ್ತೇನೆ, ಫ್ರಿಟ್, ಅಂದರೆ ಸೋಸುವ ಬಿಲ್ಲೆ, ಕಟ್ಟಿಕೊಂಡಿರಬಹುದು ಅಂದೆ. ತಲೆ ಆಡಿಸಿದರು. ಆಮೇಲೆ ನಡುವೆ ಕೂತವರು ರೆಸ್ಯೂಮೆಯನ್ನು ಹಿಂದೆ ಮುಂದೆ ತಿರುಗಿಸಿ, "ಇದು ಎಲ್ಲಿ ಬರುತ್ತೆ, ಶಂಕರ... ಘಟ್ಟ?" ಅಂದರು. ಶಿವಮೊಗ್ಗದಿಂದ ಸುಮಾರು 28 ಕಿ.ಮೀ., ಭದ್ರಾ ಡ್ಯಾಮ್ ಪಕ್ಕ ಅಂದೆ. ಅವರ ಮುಖ ಅರಳಿತು. "ಓ, ಕಾಡಲ್ಲಿ! ಅಲ್ಲಿಂದ ಬಂದು ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲ!"

ನಾನು "ಥ್ಯಾಂಕ್ಯೂ ಸರ್" ಅಂದೆ. ಬಾಯಿಗೆ ಬಂದದ್ದು ಅದೇ.

ಮನೆಗೆ ಬಂದ ಮೇಲೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ. ಅವರು ಕೆಟ್ಟದ್ದೇನೂ ಹೇಳಲಿಲ್ಲ, ಹೊಗಳಿದರು. ಆದರೆ ಆ ಹೊಗಳಿಕೆಗೆ ಮೊದಲು ಅವರ ತಲೆಯಲ್ಲಿ ಏನಿತ್ತು? ಫ್ರಿಟ್ ಬಗ್ಗೆ ಸರಿಯಾಗಿ ಹೇಳಿದೆ ಅಂತ ಯಾರೂ ಹೊಗಳಲಿಲ್ಲ ನೋಡಿ. ನಾನು ಜಾಸ್ತಿ ಯೋಚನೆ ಮಾಡುತ್ತಿದ್ದೇನಾ?

ಸುಮ್ನೆ_ಓದುಗ
ಜಾಸ್ತಿ ಯೋಚನೆ ಮಾಡುತ್ತಿದ್ದೀರಿ. ಹೊಗಳಿದರೆ ತಗೊಳ್ಳಿ, ಕೆಲಸಕ್ಕೆ ಸೇರಿ. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತಗೊಳ್ಳಿ. ಬೆಂಗಳೂರಿನವರಿಗೆ ನೆಲಮಂಗಲ ದಾಟಿದರೆ ಎಲ್ಲವೂ ಕಾಡೇ.

ಕೊಣಾಜೆ_ಗುಡ್ಡ
ಅದೇ ಮಾತನ್ನು ಮಂಗಳೂರು ಪೇಟೆಯವರಿಂದಲೇ ಕೇಳಿದ್ದೇನೆ. ನಮ್ಮ ಕ್ಯಾಂಪಸ್ ಇರುವುದು ಪೇಟೆಯಿಂದ ಸುಮಾರು 20 ಕಿ.ಮೀ. ದೂರದ ಕೊಣಾಜೆ ಗುಡ್ಡದ ಮೇಲೆ. "ಗುಡ್ಡೆಗೆ ಹೋಗಿ ಏನು ಓದ್ತೀ ಮಾರಾಯಾ?" ಅಂತ ಕೇಳುತ್ತಿದ್ದರು. ಅದೇ ಗುಡ್ಡೆಯಲ್ಲಿ ಮೈಕ್ರೋಟ್ರಾನ್ ಇದೆ. ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುವ ಯಂತ್ರ. ಪೇಟೆಯ ಯಾವ ಕಾಲೇಜಿನಲ್ಲಿದೆ ಹೇಳಿ! ಪರಿಸರದ ವಿಕಿರಣ ಅಳೆಯುವ ಕೇಂದ್ರವೂ ಇದೆ, ಕೈಗಾ ಅಣುಸ್ಥಾವರದ ಸುತ್ತಮುತ್ತಲಿನ ಮಣ್ಣು ನೀರು ಅಳೆದವರು ಇಲ್ಲಿಯವರು. ಗೇಟಿನ ಎದುರು ನಿಂತರೆ ಮಾತ್ರ ಒಂದು ಬೇಕರಿ, ಒಂದು ಜೆರಾಕ್ಸ್ ಅಂಗಡಿ, ನಾಲ್ಕು ರಿಕ್ಷಾ. ನೋಡಿದವರು ಅಷ್ಟನ್ನೇ ನೋಡಿ ಹೋಗುತ್ತಾರೆ.

ಇನ್ನೊಂದು ವಿಷಯ. ಈ ಕ್ಯಾಂಪಸ್‌ಗಳು ಊರಾಚೆ ಹುಟ್ಟಿದ್ದಕ್ಕೆ ಕಾರಣ ಇದೆ. ಕೊಣಾಜೆಯಲ್ಲಿ 1968ರಿಂದ ಮೈಸೂರು ವಿವಿಯ ಪಿಜಿ (ಸ್ನಾತಕೋತ್ತರ) ಕೇಂದ್ರ ಇತ್ತು, 1980ರಲ್ಲಿ ಅದೇ ಮಂಗಳೂರು ವಿವಿ ಆಯಿತು. ಶಂಕರಘಟ್ಟದ ಪಕ್ಕದ ಬಿ.ಆರ್. ಪ್ರಾಜೆಕ್ಟಿನಲ್ಲಿದ್ದ ಮೈಸೂರಿನ ಪಿಜಿ ಕೇಂದ್ರವೇ 1987ರಲ್ಲಿ ಕುವೆಂಪು ವಿವಿ ಆಯಿತು. ಅಂದರೆ ನಾವೆಲ್ಲ ಒಂದೇ ಮನೆಯಿಂದ ಪಾಲಾಗಿ ಬಂದ ದಾಯಾದಿಗಳು. ಮೈಸೂರಿನವರಿಗೆ ಮನೆ ಪೇಟೆಯಲ್ಲಿ ಸಿಕ್ಕಿತು, ನಮಗೆ ಗುಡ್ಡ, ಕಾಡು. ಅಷ್ಟೇ ವ್ಯತ್ಯಾಸ.

ಎಕ್ಸೆಲ್_ಎಚ್ಆರ್
ಬೈಸಿಕೊಳ್ಳಲು ತಯಾರಾಗಿಯೇ ಬರೆಯುತ್ತಿದ್ದೇನೆ. ಒಂಬತ್ತು ವರ್ಷ ನೇಮಕಾತಿ ವಿಭಾಗದಲ್ಲಿದ್ದೆ, ಕಂಪನಿ ಹೆಸರು ಬೇಡ. ರೆಸ್ಯೂಮೆ ಬಂದ ತಕ್ಷಣ ಯಾರೂ ಕೂತು ಓದುವುದಿಲ್ಲ. ಒಂದು ಶೀಟ್ ಇರುತ್ತದೆ. ಅದರಲ್ಲಿ ಕಾಲೇಜಿನ ಕಾಲಂ. ನಮ್ಮಲ್ಲಿ ಮೂರು ಗುಂಪು ಇದ್ದವು. ಟೈರ್ ಒಂದು, ಟೈರ್ ಎರಡು, ಇತರೆ. ಶಂಕರಘಟ್ಟ, ಕಲಬುರಗಿ, ತೋಳಹುಣಸೆ (ದಾವಣಗೆರೆ ವಿವಿ) ಎಲ್ಲ "ಇತರೆ"ಗೆ ಹೋಗುತ್ತಿದ್ದವು. ಆ ಪಟ್ಟಿ ಮಾಡಿದವರು ಯಾರು ಅಂತ ಒಮ್ಮೆ ಕೇಳಿದೆ. ನನಗಿಂತ ಮುಂಚೆ ಇದ್ದವರು ಮಾಡಿದ್ದಂತೆ. ಅವರಿಗೆ ಅದಕ್ಕಿಂತ ಮುಂಚಿನವರಿಂದ ಬಂದದ್ದಂತೆ. ಕಾಟ ಕೊಡುತ್ತದೆ ಅಂತ ಅಜ್ಜಿ ಬೆಕ್ಕು ಕಟ್ಟಿಹಾಕಿ ಪೂಜೆ ಮಾಡಿದ್ದನ್ನು ಆಮೇಲಿನವರು ಶಾಸ್ತ್ರ ಅಂತಲೇ ಮಾಡಿಕೊಂಡು ಬಂದ ಕತೆ ಗೊತ್ತಲ್ಲ, ಹಾಗೆ.

ಕ್ಯಾಂಪಸ್ಸಿಗೆ ಬರದೇ ಇರುವುದಕ್ಕೂ ದೊಡ್ಡ ದ್ವೇಷವೇನೂ ಕಾರಣವಲ್ಲ. ಎರಡು ಜನರನ್ನು ಕಳಿಸಿ ಒಂದು ದಿನದಲ್ಲಿ ಮುನ್ನೂರು ಹುಡುಗರನ್ನು ನೋಡಿ ರಾತ್ರಿ ಮನೆ ಸೇರಬೇಕು, ಅದು ಲೆಕ್ಕ. ಒಂದು ವಿಭಾಗದಲ್ಲಿ ಮೂವತ್ತು ಜನ ಇರುವ ಕಡೆಗೆ ರಾತ್ರಿ ಬಸ್ಸು ಹತ್ತಿ ಯಾರು ಹೋಗುತ್ತಾರೆ? ಹೋಗಲಿಲ್ಲ, ಆದ್ದರಿಂದ ಗೊತ್ತಿಲ್ಲ. ಗೊತ್ತಿಲ್ಲ, ಆದ್ದರಿಂದ "ಇತರೆ".

ಇಂಜಿನಿಯರಿಂಗ್‌ನವರಿಗೆ ಈ ಕಾಟ ಕಡಿಮೆ. 1998ರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) ಬಂದ ಮೇಲೆ ರಾಜ್ಯದ ಬಹುತೇಕ ಇಂಜಿನಿಯರಿಂಗ್ ಕಾಲೇಜುಗಳು ಅದರ ಕೆಳಗೆ ಸೇರಿದವು. ಬೀದರಿನವನ ಅಂಕಪಟ್ಟಿಯಲ್ಲೂ ಬೆಂಗಳೂರಿನವನ ಅಂಕಪಟ್ಟಿಯಲ್ಲೂ ಯೂನಿವರ್ಸಿಟಿ ಹೆಸರು ಒಂದೇ. ಬಿಎಸ್ಸಿ, ಎಂಎಸ್ಸಿ, ಎಂಎ ಹುಡುಗರಿಗೆ ಆ ಮುಸುಕು ಇಲ್ಲ. ಮೊದಲ ಸಾಲಲ್ಲೇ ಊರು ಗೊತ್ತಾಗುತ್ತದೆ.

ಬಿಆರ್‌ಪಿ_ಬಸ್ಸು
@ಎಕ್ಸೆಲ್_ಎಚ್ಆರ್ ಬೈಯುವುದಿಲ್ಲ. ಆ ಬೆಕ್ಕನ್ನು ಯಾರಾದರೂ ಬಿಚ್ಚಿದರಾ, ಅಷ್ಟು ಹೇಳಿ.

ಎಕ್ಸೆಲ್_ಎಚ್ಆರ್
ನಾನಿರುವವರೆಗೆ ಇಲ್ಲ.

ಲ್ಯಾಬ್_ಮೂಲೆ
ಎಲ್ಲರೂ ಹೊರಗಿನವರನ್ನೇ ಬೈದರೆ ಹೇಗೆ? ನನ್ನ ವಿವಿಯ ಹೆಸರು ಹೇಳುವುದಿಲ್ಲ, ಹಳ್ಳಿ ಕಡೆಯದೇ. ನಮ್ಮ ಬ್ಯಾಚಿನಲ್ಲಿ ಇಪ್ಪತ್ತನಾಲ್ಕು ಜನಕ್ಕೆ ಕೆಲಸ ಮಾಡುವ ಸ್ಪೆಕ್ಟ್ರೋಫೋಟೋಮೀಟರ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯಂತ್ರ) ಒಂದೇ ಒಂದು. ಅದಕ್ಕೂ ಲ್ಯಾಂಪ್ ಬಿಸಿಯಾಗಲು ಅರ್ಧ ಗಂಟೆ. ಅಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಮೊದಲ ನಾಲ್ಕು ಜನ ರೀಡಿಂಗ್ ತೆಗೆಯುತ್ತಿದ್ದರು, ಉಳಿದವರು ಅದನ್ನೇ ನೋಡಿ ಒಂದೊಂದು ಪಾಯಿಂಟ್ ಆಚೀಚೆ ಮಾಡಿ ಬರೆಯುತ್ತಿದ್ದೆವು. ಗ್ರಾಫ್ ಮಾತ್ರ ಎಲ್ಲರದ್ದೂ ದೇವರು ಎಳೆದ ಹಾಗೆ ನೇರ. ಫಲಿತಾಂಶ ಬರಲು ಐದು ತಿಂಗಳು. ನನ್ನ ಗೆಳೆಯನಿಗೆ ಬೇರೆ ಕಡೆ ಪಿಎಚ್‌ಡಿ ಸೀಟು ಸಿಕ್ಕಿದ್ದು ಅಂಕಪಟ್ಟಿ ಇಲ್ಲದೆ ತಪ್ಪಿಹೋಯಿತು.

"ಅಲ್ಲಿಯವರಿಗೆ ಪ್ರಾಕ್ಟಿಕಲ್ ಬರಲ್ಲ" ಅಂದರೆ ನನಗೆ ಸಿಟ್ಟು ಬರುತ್ತದೆ, ನಿಜ. ಆದರೆ ಸಿಟ್ಟು ಬರುವುದಕ್ಕೆ ಕಾರಣ ಅದು ಸುಳ್ಳು ಅಂತಲ್ಲ. ಅದು ನನ್ನ ತಪ್ಪು ಅನ್ನುವ ಹಾಗೆ ಹೇಳುತ್ತಾರೆ, ಅದಕ್ಕೆ. ಬಿಆರ್‌ಪಿಯವರು ಕಾಲಮ್ ಬಿಚ್ಚಿ ನೋಡಿದ್ದಾರೆ ಅಂದರೆ ಅವರ ಅದೃಷ್ಟ. ನಾನು ಎಚ್‌ಪಿಎಲ್‌ಸಿಯನ್ನು ಮೊದಲು ಮುಟ್ಟಿದ್ದು ಕೆಲಸಕ್ಕೆ ಸೇರಿ ಮೂರನೇ ವಾರ. ಅದುವರೆಗೆ ಯೂಟ್ಯೂಬಲ್ಲಿ ನೋಡಿದ್ದು.

ರೊಟ್ಟಿ_ಬುತ್ತಿ
ನಾನು ವಿಜಯಪುರದವಳು, ತೊರವಿಯ ಮಹಿಳಾ ವಿವಿಯಲ್ಲಿ ಓದಿದ್ದು. 2003ರಲ್ಲಿ ಶುರುವಾದದ್ದು, ಈಗ ಅಕ್ಕಮಹಾದೇವಿ ಹೆಸರಿದೆ. ನಮಗೆ ಎರಡು ಪದರ ಇವೆ ನೋಡಿ. ಮೊದಲನೆಯದು "ಹಳ್ಳಿ ಯೂನಿವರ್ಸಿಟಿ". ಎರಡನೆಯದು "ಬರೀ ಹುಡುಗಿಯರದು, ಅಂದರೆ ಮದುವೆ ಆಗೋವರೆಗೂ ಟೈಮ್‌ಪಾಸ್". ನಮ್ಮ ಮಾವನೇ ಕೇಳಿದ್ದರು, "ಎಂಎ ಮುಗಿಯೋದರೊಳಗ ವರ ನೋಡಬೇಕೋ, ಮುಗದ ಮ್ಯಾಲೋ?" ಅಂತ. ನಾನು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೆ, ಎಂಎ ಅಲ್ಲ. ಅದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ಆಮೇಲೆ ಮೂರನೇ ಪದರ. "ಫ್ರೀ ಬಸ್ಸು ಇದೆ ಅಂತ ಹುಡುಗಿಯರು ಸುಮ್ನೆ ಓಡಾಡ್ತಾರೆ." ನನ್ನ ತಂಗಿಯ ಜೊತೆಗೆ ಓದುವ ಹುಡುಗಿ ಸಿಂದಗಿ ಕಡೆಯಿಂದ ಬರುತ್ತಾಳೆ. ಬೆಳಗ್ಗೆ ಐದೂವರೆಗೆ ಎದ್ದು ರೊಟ್ಟಿ ಬಡಿದು, ಮನೆ ಮಂದಿಗೆ ಇಟ್ಟು, ತನಗೆ ಎರಡು ಶೇಂಗಾ ಹಿಂಡಿ ಸವರಿ ಕಟ್ಟಿಕೊಂಡು, ಬಸ್ಸಿನಲ್ಲಿ ನಿಂತುಕೊಂಡು ಬರುತ್ತಾಳೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನೋಟ್ಸಿನ ಫೋಟೋ ಇರುವ ಮೊಬೈಲು. ಓಡಾಟ ಅಂದರೆ ಇದೇ.

ಭಾಷೆ ಬಗ್ಗೆಯೂ ಹೇಳಲೇಬೇಕು. ಬೆಂಗಳೂರಲ್ಲಿ ನನ್ನ ಇಂಗ್ಲಿಷಿಗೆ ನಕ್ಕವರಿಗಿಂತ ನನ್ನ ಕನ್ನಡಕ್ಕೆ ನಕ್ಕವರೇ ಜಾಸ್ತಿ. "ಹಾಂಗ ಹೀಂಗ ಅಂತ ಒಂದ್ಸಲ ಮಾತಾಡಿ ಪ್ಲೀಸ್, ಕ್ಯೂಟ್ ಆಗಿರುತ್ತೆ" ಅಂತಾರೆ. ನಾನೇನು ಗಿಣಿಯಾ?

ಹೈಕ_ಹುಡುಗ
@ರೊಟ್ಟಿ_ಬುತ್ತಿ ನಮ್ಮ ಕಡೆ ನಾಲ್ಕನೇ ಪದರ ಬೇರೆ ಇದೆ. ಕಲಬುರಗಿಯಲ್ಲಿ ಓದಿದೆ ಅಂದ ಕೂಡಲೇ "ನಿಮಗೇನಪ್ಪ, 371(ಜೆ) ಇದೆ" ಅನ್ನುತ್ತಾರೆ. ನಮ್ಮ ಭಾಗದವರಿಗೆ ಓದಿನಲ್ಲಿ, ಸರ್ಕಾರಿ ಕೆಲಸದಲ್ಲಿ ಮೀಸಲು ಕೊಡುವ ವಿಧಿ ಅದು, ಸಂವಿಧಾನ ತಿದ್ದುಪಡಿ ಆಗಿ 2013ರಲ್ಲಿ ಜಾರಿಗೆ ಬಂದದ್ದು. ಅದಕ್ಕಿಂತ ಮೊದಲು ಎಷ್ಟು ವರ್ಷ ಏನೂ ಇರಲಿಲ್ಲ ಅಂತ ಯಾರೂ ಕೇಳುವುದಿಲ್ಲ. ನಾನು ನೆಟ್, ಅಂದರೆ ಉಪನ್ಯಾಸಕರ ಅರ್ಹತಾ ಪರೀಕ್ಷೆ, ಪಾಸಾದೆ. ಅದು ಇಡೀ ದೇಶದ ಪರೀಕ್ಷೆ, ಅದರಲ್ಲಿ 371(ಜೆ) ಇಲ್ಲ. ಆದರೂ ನನ್ನ ಸಹೋದ್ಯೋಗಿ "ನಿಮ್ಮ ಕೋಟಾದಲ್ಲಿ ಕಟಾಫ್ ಎಷ್ಟಿತ್ತು?" ಅಂತ ಕೇಳಿದ.

ಪಿಎಸ್ಐ_ಆಗ್ಲಿಲ್ಲ
ಸತ್ಯ ಹೇಳಲಾ? "ಹಳ್ಳಿ ವಿವಿಗೆ ಹುಡುಗರು ಓದೋಕೆ ಸೇರಲ್ಲ, ಹಾಸ್ಟೆಲ್ಲಿಗೆ ಸೇರ್ತಾರೆ" ಅಂತ ಒಂದು ಮಾತಿದೆಯಲ್ಲ, ಅದು ನಾನೇ. ಎಕನಾಮಿಕ್ಸ್ ಎಂಎಗೆ ಸೇರಿದ್ದು ಹಾಸ್ಟೆಲ್ ಸಿಗುತ್ತದೆ, ಲೈಬ್ರರಿ ಇದೆ, ಎರಡು ವರ್ಷ ಪಿಎಸ್‌ಐ ಪರೀಕ್ಷೆಗೆ ಓದಬಹುದು ಅಂತ. ಧಾರವಾಡದಲ್ಲಿ ಕೋಚಿಂಗ್‌ಗೆ ಸೇರಿದರೆ ಫೀಸು, ರೂಮು, ಊಟ ಎಲ್ಲ ಕೈಯಿಂದ ಆಗಬೇಕು. ಅಪ್ಪನ ಹತ್ತಿರ ಎಲ್ಲಿತ್ತು? ಹಾಸ್ಟೆಲ್ ಸಿಗದವರಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಆಗ ತಿಂಗಳಿಗೆ 1,500 ರೂಪಾಯಿ ಸಿಗುತ್ತಿತ್ತು, ವರ್ಷಕ್ಕೆ ಹತ್ತು ತಿಂಗಳು. ಅದರಲ್ಲಿ ಪೇಟೆಯಲ್ಲಿ ಬದುಕಿ ತೋರಿಸಿ.

ಆದರೆ ಆದದ್ದು ಬೇರೆ. ಎರಡನೇ ಸೆಮಿಸ್ಟರಿನಲ್ಲಿ ಒಬ್ಬರು ಮೇಡಂ ಅಡಿಕೆ ರೇಟಿನ ಮೇಲೆ ಒಂದು ಸಣ್ಣ ಪ್ರಾಜೆಕ್ಟ್ ಕೊಟ್ಟರು. ನಮ್ಮೂರಿನ ಮಂಡಿಯಲ್ಲಿ ಹತ್ತು ವರ್ಷದ ರೇಟು ಬರೆದಿಟ್ಟ ಕೆಂಪು ರಟ್ಟಿನ ಪುಸ್ತಕ ಇತ್ತು. ಸಾಹುಕಾರರು ಮೊದಲು ಕೊಡಲಿಲ್ಲ. ಮೂರು ಶನಿವಾರ ಹೋಗಿ ಅಲ್ಲೇ ಮೂಟೆ ಮೇಲೆ ಕೂತು ಬರೆದುಕೊಂಡೆ. ಕನ್ನಡದಲ್ಲೇ ವರದಿ ಬರೆದೆ. "ಅವಕಾಶ ವೆಚ್ಚ" (ಒಂದನ್ನು ಆರಿಸಿಕೊಂಡರೆ ಕೈತಪ್ಪುವ ಇನ್ನೊಂದರ ಲಾಭ) ಅನ್ನುವ ಪದ ಅಲ್ಲಿಯವರೆಗೆ ಉರು ಹೊಡೆದಿದ್ದೆ. ಅಪ್ಪ ಭತ್ತದ ಗದ್ದೆಗೆ ಅಡಿಕೆ ಇಟ್ಟು ಏಳು ವರ್ಷ ಫಸಲಿಗೆ ಕಾದದ್ದು ನೆನಪಾಗಿ ಅವತ್ತು ಅರ್ಥವಾಯಿತು. ಪಿಎಸ್‌ಐ ಆಗಲಿಲ್ಲ. ಈಗ ಒಂದು ಸಹಕಾರ ಸಂಘದಲ್ಲಿ ಲೆಕ್ಕ ನೋಡುತ್ತೇನೆ. ಆರಾಮಾಗಿದ್ದೇನೆ.

ಸುಮ್ನೆ_ಓದುಗ
ಸರಿ, ಕನ್ನಡದಲ್ಲಿ ಬರೆದದ್ದನ್ನು ಹೊರಗೆ ಯಾರು ಕೇಳುತ್ತಾರೆ? ಅಲ್ಲೇ ಅಲ್ವಾ ಸಮಸ್ಯೆ?

ಗೆಸ್ಟ್_ಮೇಷ್ಟ್ರು
ಕುವೆಂಪು ಹೆಸರಿನ ವಿವಿಯಿಂದ ಬಂದವಳಿಗೆ "ಇಂಗ್ಲಿಷ್ ಚೆನ್ನಾಗಿದೆ" ಅಂತ ಸರ್ಟಿಫಿಕೇಟ್ ಕೊಡುತ್ತಾರೆ. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿವಿಯ ಚುಕ್ಕಾಣಿ ಹಿಡಿದಿದ್ದಾಗ ಕಾಲೇಜಿನ ಪಾಠವೂ ಕನ್ನಡದಲ್ಲೇ ಆಗಬೇಕು ಅಂತ ಹಟ ಹಿಡಿದವರು. ನಗಬೇಕೋ ಅಳಬೇಕೋ.

ನಾನು ಹನ್ನೊಂದು ವರ್ಷದಿಂದ ಗೆಸ್ಟ್ ಲೆಕ್ಚರರ್. ಯಾವ ಕಡೆ ಅಂತ ಬೇಡ. ಈ ಚರ್ಚೆಯಲ್ಲಿ ಯಾರೂ ಹೇಳದ ಒಂದು ವಿಷಯ ಹೇಳಬೇಕು. ನಮ್ಮ ಹುಡುಗರ ಬಗ್ಗೆ ಕೆಟ್ಟ ಮಾತು ಇರುವ ಹಾಗೆಯೇ ಒಂದು ಒಳ್ಳೆಯ ಮಾತೂ ಇದೆ. ಅದೂ ಅಷ್ಟೇ ಅಪಾಯದ್ದು.

ಘಟಿಕೋತ್ಸವದ ಮರುದಿನ ಪತ್ರಿಕೆ ತೆಗೆಯಿರಿ. "ಕೂಲಿ ಕಾರ್ಮಿಕನ ಮಗಳಿಗೆ ಚಿನ್ನ." "ಟೈಲರ್ ಮಗನಿಗೆ ಐದು ಪದಕ." ಪ್ರತಿ ವರ್ಷ, ಪ್ರತಿ ವಿವಿ. ಮಗಳಿಗೆ ಹೆಸರು ಎರಡನೇ ಪ್ಯಾರಾದಲ್ಲಿ. ಯಾವ ವಿಷಯದಲ್ಲಿ ಚಿನ್ನ ಅನ್ನುವುದು ನಾಲ್ಕನೆಯದರಲ್ಲಿ. ಅವಳು ಏನು ಓದಿದಳು, ಯಾವ ಪ್ರಶ್ನೆ ಅವಳ ನಿದ್ದೆ ಕೆಡಿಸಿತ್ತು, ಅದು ಎಲ್ಲೂ ಇಲ್ಲ.

ಒಂದು ಸಲ ವರದಿಗಾರರೊಬ್ಬರು ನನ್ನ ಪಕ್ಕ ಬಂದು, "ಸರ್, ಪದಕ ಬಂದವರಲ್ಲಿ ಕಷ್ಟದ ಹಿನ್ನೆಲೆಯವರು ಯಾರಿದ್ದಾರೆ?" ಅಂದರು. ಆ ವರ್ಷ ಬಾಟನಿಯಲ್ಲಿ ಮೊದಲು ಬಂದವನ ಮನೆಯಲ್ಲಿ ಹನ್ನೆರಡು ಎಕರೆ ಅಡಿಕೆ ತೋಟ. ಪಶ್ಚಿಮ ಘಟ್ಟದ ಹಾವಸೆಗಳ ಮೇಲೆ ಕೆಲಸ ಮಾಡಿದ್ದ. ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ನಾಲ್ಕು ತಿಂಗಳು ಬಂಡೆ ಬಂಡೆ ಕೆರೆದು ತಂದಿದ್ದ. ಅವನನ್ನು ತೋರಿಸಿದೆ. "ತಂದೆ ಏನು ಮಾಡ್ತಾರೆ?" ತೋಟ ಸರ್. "ಓ... ಬೇರೆ ಯಾರಾದ್ರೂ?" ಅಂತ ಮುಂದಕ್ಕೆ ಹೋದರು. ಹುಡುಗ ಕೊರಳಲ್ಲಿ ಪದಕ ಹಾಕಿಕೊಂಡು ಹಾಗೇ ನಿಂತಿದ್ದ. "ಸರ್, ನಾನು ಬಡವ ಆಗಿರಬೇಕಿತ್ತಾ?" ಅಂದ. ಇಬ್ಬರೂ ನಕ್ಕೆವು.

ಹಳ್ಳಿ ವಿವಿಯ ಹುಡುಗ ಅಂದರೆ ಇವರಿಗೆ ಎರಡೇ ಅಚ್ಚು. ಒಂದು ದಡ್ಡ, ಇನ್ನೊಂದು ಕೆಸರಿನ ಕಮಲ. ಸಾಮಾನ್ಯವಾಗಿ ಓದಿ, ಅರವತ್ತೆರಡು ಪರ್ಸೆಂಟ್ ತಗೊಂಡು, ಕ್ಯಾಂಟೀನಲ್ಲಿ ಸಾಲ ಉಳಿಸಿಕೊಂಡು ಹೋಗುವ ಹುಡುಗನಿಗೆ ಜಾಗವೇ ಇಲ್ಲ. ಪೇಟೆ ಕಾಲೇಜಿನವನಿಗೆ ಸಾಧಾರಣವಾಗಿರುವ ಹಕ್ಕಿದೆ. ಇವನಿಗೆ ಇಲ್ಲ.

ಬಿಆರ್‌ಪಿ_ಬಸ್ಸು
@ಗೆಸ್ಟ್_ಮೇಷ್ಟ್ರು ಮೇಷ್ಟ್ರೇ, ಆ ಮುಳ್ಳು ಯಾವುದು ಅಂತ ಈಗ ಗೊತ್ತಾಯಿತು. ಅವರು ನನ್ನನ್ನು ಒಂದು ಅಚ್ಚಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದರು.

ಏಮ್ಸ್_ಊರಿನವ
ಆಸ್ಪತ್ರೆ ಅಲ್ಲ, ಅಮೆರಿಕದ ಅಯೋವಾದಲ್ಲಿ ಏಮ್ಸ್ ಅನ್ನುವ ಊರಿದೆ, ಅಲ್ಲಿದ್ದೇನೆ. ಮೂಲ ಹಾವೇರಿ ಕಡೆ. ಇಲ್ಲಿನ ಯೂನಿವರ್ಸಿಟಿಗೆ ಸುತ್ತ ಮೆಕ್ಕೆಜೋಳದ ಹೊಲ. ಪಕ್ಕದ ಯೂನಿವರ್ಸಿಟಿಯವರು ಇದನ್ನು "ಮೂ ಯು" ಅನ್ನುತ್ತಾರೆ, ಹಸು ಕೂಗಿದ ಹಾಗೆ. ಇಂಥವುಗಳಿಗೆಲ್ಲ "ದನದ ಕಾಲೇಜು" ಅನ್ನುವ ಅರ್ಥದ ಹೆಸರು ಹಳೆಯದು. 1862ರಲ್ಲಿ ಲಿಂಕನ್ ಸಹಿ ಹಾಕಿದ ಮೊರಿಲ್ ಕಾಯ್ದೆಯ ಪ್ರಕಾರ ರಾಜ್ಯಗಳಿಗೆ ಜಮೀನು ಕೊಟ್ಟು, ಅದನ್ನು ಮಾರಿದ ದುಡ್ಡಲ್ಲಿ ರೈತರ, ಕೂಲಿಯವರ ಮಕ್ಕಳಿಗೆ ಕಾಲೇಜು ಮಾಡಿದರು. ಆ ಸಾಲಿನದು ಇದು. ಇದೇ ದನದ ಕಾಲೇಜಿನ ನೆಲಮಾಳಿಗೆಯಲ್ಲಿ ಅಟನಾಸಾಫ್ ಅನ್ನುವ ಮೇಷ್ಟ್ರು ತನ್ನ ವಿದ್ಯಾರ್ಥಿ ಬೆರಿ ಜೊತೆ ಸೇರಿ, 1942ರ ಹೊತ್ತಿಗೆ ಎಲೆಕ್ಟ್ರಾನಿಕ್ ಕಂಪ್ಯೂಟರ್ ಒಂದನ್ನು ಕಟ್ಟಿದ್ದರು.

ನಮಗೂ ಇದಕ್ಕೂ ನಂಟು ಇದೆ. ಬೆಂಗಳೂರಿನ ಕೃಷಿ ವಿವಿ 1964ರಲ್ಲಿ ಶುರುವಾದದ್ದು ಇದೇ ಮಾದರಿಯಲ್ಲಿ, ಅಮೆರಿಕದ ಟೆನೆಸಿ ವಿವಿಯವರು ಕೈಜೋಡಿಸಿದ್ದರು.

ಆದರೆ ಒಂದು ವ್ಯತ್ಯಾಸ ಇದೆ. ಇಲ್ಲಿಯವರು "ಮೂ" ಅಂತ ತಾವೇ ಹೇಳಿಕೊಂಡು ನಗುತ್ತಾರೆ. ನಗಲು ಆಗುವುದು ಲ್ಯಾಬಿನಲ್ಲಿ ಬೇಕಾದ ಯಂತ್ರ ಎಲ್ಲ ಇರುವುದರಿಂದ. ಲ್ಯಾಬ್_ಮೂಲೆಯವರಿಗೆ "ನೀವೂ ನಕ್ಕುಬಿಡಿ" ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಲ್ಯಾಬ್_ಮೂಲೆ
@ಏಮ್ಸ್_ಊರಿನವ ಥ್ಯಾಂಕ್ಸ್. ಒಂದು ಲ್ಯಾಂಪ್ ಕಳಿಸಿ, ನಗುತ್ತೇನೆ.

ಮಂಡಿ_ನೋವು
ಹೊಸ ಜಿಲ್ಲಾ ವಿವಿಗಳ ಹುಡುಗರ ಗತಿ ನೋಡಿ ಆಮೇಲೆ ನಿಮ್ಮದನ್ನು ಹೇಳಿ. ಕೊಪ್ಪಳ, ಹಾವೇರಿ, ಚಾಮರಾಜನಗರ, ಬಾಗಲಕೋಟೆ ಎಲ್ಲ ಮೊನ್ನೆ ಮೊನ್ನೆ ಬಂದವು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯಲ್ಲಿ ಒಂಬತ್ತು ವಿವಿ ಮುಚ್ಚುವ ಮಾತು ಬಂತಲ್ಲ, ಆವಾಗ ನನ್ನ ಅಣ್ಣನ ಮಗ ಅಂಥದ್ದೇ ಒಂದರಲ್ಲಿ ಮೊದಲ ವರ್ಷ. ಮನೆಗೆ ಬಂದವರೆಲ್ಲ ಕೇಳುತ್ತಿದ್ದರು, "ನಿಂದು ಮುಚ್ಚಿದರಂತಲ್ಲ?" ನೀವು "ಎಲ್ಲಿದೆ?" ಅನ್ನುವ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುತ್ತೀರಿ. ಅವನಿಗೆ ಕೇಳುವುದು "ಇದೆಯಾ?" ಅಂತ.

ಹಳೇ_ಬ್ಯಾಚು
ನಾವು ಒಳಗೊಳಗೇ ಮಾಡುವುದನ್ನೂ ಯಾರಾದರೂ ಹೇಳಿ. ನಮ್ಮ ಹಾಸ್ಟೆಲ್ಲಿನಲ್ಲಿ ಮಲೆನಾಡಿನವರು ಬಯಲುಸೀಮೆಯವರಿಗೆ "ರೊಟ್ಟಿ ಗ್ಯಾಂಗ್" ಅನ್ನುತ್ತಿದ್ದರು. ಅವರು ಇವರಿಗೆ "ಗಂಜಿ ಗಿರಾಕಿ" ಅನ್ನುತ್ತಿದ್ದರು. ಸೈನ್ಸ್ ಬ್ಲಾಕಿನವರು ಕನ್ನಡ ಎಂಎಯವರನ್ನು ನೋಡಿ "ಪದ್ಯ ಹೇಳೋರು" ಅನ್ನುತ್ತಿದ್ದೆವು. ದೂರಶಿಕ್ಷಣದವರು ಪರೀಕ್ಷೆಗೆ ಬಂದರೆ ದಾರಿ ಕೇಳಿದರೂ ಸರಿಯಾಗಿ ಹೇಳುತ್ತಿರಲಿಲ್ಲ. ನಮ್ಮನ್ನು ಬೆಂಗಳೂರಿನವರು ನೋಡಿದ ಹಾಗೆ ನಾವು ಅವರನ್ನು ನೋಡಿದ್ದೇವೆ. ಅದರಲ್ಲಿ ಒಬ್ಬರು ಬ್ಯಾಂಕಿನಲ್ಲಿ ಕ್ಯಾಷಿಯರ್, ನಲವತ್ತೈದು ವಯಸ್ಸು, ಬೆವರು ಒರೆಸಿಕೊಳ್ಳುತ್ತಾ ಪರೀಕ್ಷೆ ಹಾಲ್ ಎಲ್ಲಿ ಅಂತ ಕೇಳಿದ್ದರು. ನಾನು ಉಲ್ಟಾ ದಿಕ್ಕಿಗೆ ಕೈ ತೋರಿಸಿದ್ದೆ. ಇಪ್ಪತ್ತು ವರ್ಷ ಆಯಿತು. ಅವರ ಮುಖ ಮರೆತಿಲ್ಲ.

ರೊಟ್ಟಿ_ಬುತ್ತಿ
ರೊಟ್ಟಿ ಗ್ಯಾಂಗ್ ಅನ್ನುವುದನ್ನು ನಾನು ಬೈಗುಳ ಅಂತ ತಗೊಳ್ಳುವುದಿಲ್ಲ. ಗಂಜಿ ಗಿರಾಕಿಗಳು ಬೇಕಾದರೆ ಬೇಜಾರು ಮಾಡಿಕೊಳ್ಳಲಿ.

ಬಿಆರ್‌ಪಿ_ಬಸ್ಸು
ಒಂದು ಅಪ್‌ಡೇಟ್. ಸೋಮವಾರ ಕೆಲಸಕ್ಕೆ ಸೇರಿದೆ. ಹೊಸಬರನ್ನು ಪರಿಚಯಿಸಲು ಎಲ್ಲರದ್ದೂ ಒಂದೊಂದು ಸ್ಲೈಡ್ ಮಾಡಿದ್ದರು. ತೋರಿಸುವ ಮೊದಲು ಸರಿ ಇದೆಯಾ ನೋಡಿ ಅಂತ ಕಳಿಸಿದರು. ಬೇರೆಯವರದ್ದರಲ್ಲಿ ಓದು, ಹವ್ಯಾಸ, ಇಷ್ಟದ ತಿಂಡಿ. ನನ್ನದರಲ್ಲಿ ಹಿಂದೆ ಹಸಿರು ಗದ್ದೆಯ ಫೋಟೋ, ಮೇಲೆ "ಮಲೆನಾಡಿನ ಪುಟ್ಟ ಹಳ್ಳಿಯಿಂದ ನಮ್ಮ ಲ್ಯಾಬಿನವರೆಗೆ: ಒಂದು ಸ್ಫೂರ್ತಿಯ ಪಯಣ". ನನ್ನ ಮನೆ ಇರುವುದು ಭದ್ರಾವತಿ ಪೇಟೆಯಲ್ಲಿ. ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದರು. ಗದ್ದೆ ನಮಗಿಲ್ಲ.

ಮೇಷ್ಟ್ರ ಮಾತು ನೆನಪಾಯಿತು. ಇದನ್ನು ತೆಗೆಯಿರಿ ಅಂತ ಮೇಲ್ ಹಾಕಿದೆ. ಆ ಹುಡುಗಿ ಫೋನ್ ಮಾಡಿದಳು, ಪಾಪ ಗಾಬರಿಯಾಗಿದ್ದಳು. "ಹಾಗಾದ್ರೆ ಏನು ಹಾಕ್ಲಿ ಮೇಡಂ?" ಅಂದಳು. ಎಂಎಸ್ಸಿ ಕೆಮಿಸ್ಟ್ರಿ, ಕುವೆಂಪು ವಿವಿ. ಪ್ರಾಜೆಕ್ಟ್: ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಹವ್ಯಾಸ: ಶಟಲ್. ತಿಂಡಿ: ಅಕ್ಕಿರೊಟ್ಟಿ. "ಅಷ್ಟೇನಾ?" ಅಷ್ಟೇ ಅಂದೆ.

ಹಾಗೇ ಹಾಕಿದ್ದಾರೆ. ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬರು ಬಂದು ಫ್ಲೋರೈಡ್ ಯಾವ ವಿಧಾನದಲ್ಲಿ ಅಳೆದಿರಿ, ಅಯಾನ್ ಎಲೆಕ್ಟ್ರೋಡಾ ಅಥವಾ ಬಣ್ಣದ ವಿಧಾನವಾ ಅಂತ ಕೇಳಿದರು. ಊಟ ಆರಿಹೋಯಿತು, ಮಾತು ಮುಗಿಯಲಿಲ್ಲ.

ಹಳೇ_ಬ್ಯಾಚು
ಒಳ್ಳೆಯದಾಯಿತು. ಅಂದ ಹಾಗೆ ಭದ್ರಾವತಿಯಿಂದ ಬಿಆರ್‌ಪಿಗೆ ಏಳೂವರೆ ಬಸ್ಸು ಇನ್ನೂ ಇದೆಯಾ? ನಮ್ಮ ಕಾಲದಲ್ಲಿ ಅದರ ಬಾಗಿಲಿಗೆ ಚಿಲಕವೇ ಇರಲಿಲ್ಲ.

ಬಿಆರ್‌ಪಿ_ಬಸ್ಸು
ಇದೆ. ಈಗ ಹಗ್ಗ ಕಟ್ಟಿದ್ದಾರೆ.